ಒಂಬತ್ತು ಚುಕ್ಕಿ, ನೆನಪಾಗದ ಒಂದು ಗೆರೆ

ಹಳೇ ಲಗ್ನಪತ್ರಿಕೆಯ ಹಿಂಬದಿಯಲ್ಲಿ ಮೇಷ್ಟ್ರು ಒಂಬತ್ತು ಚುಕ್ಕಿ ಇಟ್ಟರು. ಮೂರು ಸಾಲು, ಸಾಲಿಗೆ ಮೂರು. ಸುತ್ತ ಒಂದು ಚೌಕ ಎಳೆದು ನಾಲ್ಕು ಮೂಲೆಗೂ ಒಳಕ್ಕೆ ಬಾಗಿದ ಕೊಕ್ಕೆ ಹಾಕಿದರು. ಆಮೇಲೆ ಪೆನ್ನು ಹಾಳೆಯ ಮೇಲೆ ಹಾಗೇ ನಿಂತಿತು.

"ಇಲ್ಲೇ ಎಲ್ಲೋ ಇನ್ನೊಂದು ಗೆರೆ ಇತ್ತು ಕಣಮ್ಮ. ಮೇಲಕ್ಕೋ, ಕೆಳಕ್ಕೋ..."

"ನಿಧಾನಕ್ಕೆ ನೆನಪು ಮಾಡ್ಕೊಳಿ ಸರ್. ಅವಸರ ಏನಿಲ್ಲ."

ಅಂಗಡಿ ಅರಸೀಕೆರೆಯಲ್ಲಿ, ರೈಲ್ವೆ ಸ್ಟೇಷನ್‌ನಿಂದ ಹೆಚ್ಚು ದೂರವಿಲ್ಲದ ಮಹಡಿಯ ಮೇಲೆ. ಕೆಳಗಿನ ಮಳಿಗೆಯಲ್ಲಿ ಕೊಬ್ಬರಿ ವ್ಯಾಪಾರ. ಅದರ ವಾಸನೆ ಮೆಟ್ಟಿಲು ಹತ್ತಿ ಬಂದು, ಡೆಟ್ಟಾಲ್ ವಾಸನೆಯ ಜೊತೆ ಬೆರೆಯುತ್ತದೆ. ಹಚ್ಚೆ ಹಾಕುವ ಹುಡುಗಿಗೆ 27 ವರ್ಷ. ಬೆಂಗಳೂರಿನಲ್ಲಿ ಐದು ವರ್ಷ ಕೆಲಸ ಕಲಿತು ಊರಿಗೆ ವಾಪಸ್ ಬಂದವಳು. ಎದುರು ಕೂತಿರುವ ನಿವೃತ್ತ ಕನ್ನಡ ಮೇಷ್ಟ್ರಿಗೆ 68. ಅವರಿಗೆ ಬೇಕಾಗಿರುವುದು ಹೋದ ವರ್ಷ ತೀರಿಕೊಂಡ ಹೆಂಡತಿಯ ಎಡ ಮುಂಗೈಯಲ್ಲಿದ್ದ ಹಚ್ಚೆ, ಇದ್ದಂತೆಯೇ, ತಮ್ಮ ಎಡ ಮುಂಗೈ ಮೇಲೆ.

"ಫೋಟೊ ಇದ್ರೆ ತಂದ್ಬಿಡಿ. ದೊಡ್ಡದು ಮಾಡಿ ನೋಡಿದ್ರೆ ಗೆರೆ ಎಲ್ಲಿತ್ತು ಅಂತ ಸಿಕ್ಕೇ ಸಿಗುತ್ತೆ."

"ಮನೇಲಿರೋದನ್ನೆಲ್ಲ ನೋಡಿದೀನಿ. ಯಾವುದರಲ್ಲೂ ಕಾಣಲ್ಲ. ಎಲ್ಲದರಲ್ಲೂ ಸೆರಗು ಮುಚ್ಚಿದೆ."

ಹುಡುಗಿ ಹೆಚ್ಚು ಕೇಳಲಿಲ್ಲ. ಹಾಳೆ ಇಸಿದುಕೊಂಡು ನೋಡಿ ವಾಪಸ್ ಕೊಟ್ಟಳು. ಅಂದೇ ಬಂದವರಿಗೆ ಅಂದೇ ಸೂಜಿ ಹಿಡಿಯುವುದಿಲ್ಲ ಎಂಬುದು ಅವಳ ಅಂಗಡಿಯ ಕಟ್ಟು. ಚಿತ್ರವನ್ನು ಮನೆಯ ಕನ್ನಡಿಗೆ ಅಂಟಿಸಿ, ಒಂದು ತಿಂಗಳು ಬೆಳಿಗ್ಗೆ ಸಂಜೆ ನೋಡಿ, ಆಮೇಲೂ ಬೇಕೆನಿಸಿದರೆ ಬನ್ನಿ ಎನ್ನುತ್ತಾಳೆ. ಅರ್ಧಕ್ಕರ್ಧ ಜನ ತಿರುಗಿ ಬರುವುದಿಲ್ಲವಂತೆ. ಅದರಿಂದ ಅವಳಿಗೆ ಬೇಜಾರಿಲ್ಲ.

"ಬರೋರೆಲ್ಲ ಏನು ಹಾಕಿಸ್ಕೋತಾರೆ?" ಮೇಷ್ಟ್ರು ಕೇಳಿದರು.

"ಅಮ್ಮ ಅನ್ನೋ ಅಕ್ಷರವೇ ಜಾಸ್ತಿ ಸರ್. ಮಕ್ಕಳ ಹೆಸರು, ತ್ರಿಶೂಲ, ಆಂಜನೇಯ. ಅಪ್ಪು ಸರ್ ಹೋದ್ಮೇಲೆ ಅವರ ಮುಖ ಬೇಕು ಅಂತ ಬರೋರು ಎಷ್ಟೋ ಜನ. ನಾನಾಗ ಬೆಂಗಳೂರಲ್ಲಿದ್ದೆ. 2021ರ ಅಕ್ಟೋಬರ್ 29 ಆದ್ಮೇಲೆ ತಿಂಗಳುಗಟ್ಟಲೆ ಅದೇ ಕೆಲಸ. ಅಳ್ತಾ ಕೂತಿರೋರು, ಸೂಜಿ ನೋವಿಗಲ್ಲ."

ಸ್ವಲ್ಪ ತಡೆದು ಅವಳೇ ಮುಂದುವರಿಸಿದಳು. "ಒಬ್ಬ ಹುಡುಗಿ ಅರ್ಧವಿರಾಮ ಹಾಕಿಸ್ಕೊಂಡ್ಲು ಸರ್, ಮಣಿಕಟ್ಟಿನ ಮೇಲೆ. ಅಷ್ಟೇ, ಇನ್ನೇನಿಲ್ಲ."

"ಅರ್ಧವಿರಾಮನಾ?" ಮೂವತ್ತಮೂರು ವರ್ಷ ಲೇಖನ ಚಿಹ್ನೆ ಹೇಳಿಕೊಟ್ಟವರು ಕನ್ನಡಕ ಸರಿಮಾಡಿಕೊಂಡರು.

"2013ರಲ್ಲಿ ಅಮೆರಿಕದಲ್ಲಿ ಏಮಿ ಬ್ಲೂಯೆಲ್ ಅನ್ನೋ ಹೆಣ್ಣುಮಗಳು ಶುರು ಮಾಡಿದ್ದು. ಅವರ ತಂದೆ ಆತ್ಮಹತ್ಯೆ ಮಾಡ್ಕೊಂಡಿದ್ರಂತೆ. ಬದುಕು ಮುಗಿಸ್ಕೊಬೇಕು ಅನ್ಸಿ, ಮುಗಿಸ್ಕೊಳ್ದೆ ಉಳಿದೋರು ಹಾಕಿಸ್ಕೊಳೋ ಗುರುತು ಅದು. ಬರೆಯೋನು ಅಲ್ಲಿಗೆ ಪೂರ್ಣವಿರಾಮ ಇಡಬಹುದಿತ್ತು, ಇಡಲಿಲ್ಲ, ಅಂತ."

"ಮುಂದೆ ಇನ್ನೊಂದು ವಾಕ್ಯ ಇದೆ ಅಂತ," ಎಂದು ಮೇಷ್ಟ್ರು ಮೆಲ್ಲಗೆ ಸೇರಿಸಿದರು. "ನಾನು ಪಾಠ ಮಾಡುವಾಗ ಇಷ್ಟು ಚೆನ್ನಾಗಿ ಹೇಳಲಿಲ್ಲ ಬಿಡು."

ಆ ವಾರ ಅವಳಿಗೆ ಇನ್ನೊಂದು ಕೆಲಸವಿತ್ತು. ಹುಲಿಯೊಂದಿಗೆ ಹೋರಾಡುವ ಸಳನ ಲಾಂಛನ ಬೇಕೆಂದು ಒಬ್ಬ ಹುಡುಗ ಕೇಳಿದ್ದ. ಮೊಬೈಲ್‌ನಲ್ಲಿ ಸಿಗುವ ಚಿತ್ರಗಳಲ್ಲಿ ಹುಲಿಯ ಪಂಜ ಒಂದೊಂದರಲ್ಲಿ ಒಂದೊಂದು ಥರ. ಕಲ್ಲನ್ನೇ ನೋಡಿ ಬರೆದುಕೊಂಡು ಬರುತ್ತೇನೆ ಎಂದಾಗ ಮೇಷ್ಟ್ರು, "ನಾನೂ ಬರ್ತೀನಿ ನಡಿ. ಹಳೇಬೀಡು, ಬೇಲೂರು ಎರಡೂ ತೋರಿಸ್ತೀನಿ" ಎಂದರು. ಮಂಗಳವಾರ ಬೆಳಿಗ್ಗೆ ಇಬ್ಬರೂ ಜಾವಗಲ್ ಮೇಲೆ ಹೋಗುವ ಬಸ್ಸು ಹತ್ತಿದರು.

"ಹಚ್ಚೆ ಅನ್ನೋ ಮಾತು ಎಲ್ಲಿಂದ ಬಂತು ಗೊತ್ತಾ?"

"ಹಚ್ಚೋದು ಅಂತೀವಲ್ಲ ಸರ್, ಅದರಿಂದ."

"ಕೇಳಿದ್ರೆ ಹಂಗನ್ಸುತ್ತೆ. ಹಳಗನ್ನಡದ ಪಚ್ಚೆ ಅದು. ಪಾಲು ಹಾಲಾಯ್ತು, ಪೂವು ಹೂವಾಯ್ತು, ಪಚ್ಚೆ ಹಚ್ಚೆ ಆಯ್ತು. ಪಚ್ಚೆ ಅಂದ್ರೆ ಹಸಿರು. ಹಚ್ಚ ಹಸಿರು ಅಂತೀವಲ್ಲ, ಅದೇ. ತಮಿಳರು ಇವತ್ತಿಗೂ ಹಚ್ಚೆಗೆ ಪಚ್ಚೈ ಅಂತಾರೆ. ಈಗ ನಾವು ಹೋಗ್ತಿರೋ ಊರಿನ ಕಥೆಯೂ ಅದೇ. ಪಳೆಯ ಬೀಡು ಹಳೇಬೀಡು ಆಯ್ತು."

ಹುಡುಗಿಯ ಕಣ್ಣು ಅರಳಿತು. "ಹಂಗಾದ್ರೆ ಹೆಸರಿಟ್ಟೋರು ಕಣ್ಣಾರೆ ನೋಡೇ ಇಟ್ಟಿದಾರೆ ಸರ್! ಮಸಿ ಕಪ್ಪಗೇ ಇರುತ್ತೆ. ಆದ್ರೆ ಅದು ಕೂರೋದು ಮೇಲ್ಚರ್ಮದ ಕೆಳಗಿನ ಪದರದಲ್ಲಿ. ಬೆಳಕು ಚರ್ಮ ದಾಟಿ ಹೋಗಿ ಬರುವಾಗ ಚದುರಿ, ಕಪ್ಪು ನೀಲಿಹಸಿರಾಗಿ ಕಾಣುತ್ತೆ. ನಮ್ಮಜ್ಜಿ ಕೈ ನೋಡಿ ನಾನು ಹಸಿರು ಶಾಯಿ ಅಂದ್ಕೊಂಡಿದ್ದೆ."

"ಸೊಪ್ಪಿನ ರಸದ ಬಣ್ಣ ಅಂತ ನಾವು ಅಂದ್ಕೊಂಡಿದ್ವಿ."

ಮಸಿ ಚರ್ಮದಲ್ಲಿ ಉಳಿಯುವ ರೀತಿ ಇನ್ನೂ ಸೋಜಿಗದ್ದು. 2018ರಲ್ಲಿ ಫ್ರಾನ್ಸ್‌ನ ಮಾರ್ಸೇಲ್‌ನ ವಿಜ್ಞಾನಿಗಳು ಇಲಿಗಳ ಮೇಲೆ ಪ್ರಯೋಗ ಮಾಡಿ ಇದನ್ನು ತೋರಿಸಿದರು. ಮೈಗೆ ಹೊರಗಿನದೇನು ಹೊಕ್ಕರೂ ನುಂಗುವ ಕಾವಲು ಕಣಗಳು ಚರ್ಮದಲ್ಲಿವೆ. ಅವು ಮಸಿಯನ್ನು ನುಂಗುತ್ತವೆ, ಕರಗಿಸಲಾಗದೆ ಹಾಗೇ ಹಿಡಿದುಕೊಂಡಿರುತ್ತವೆ. ಹಿಡಿದ ಕಣ ಸತ್ತಾಗ ಮಸಿ ಹೊರಬೀಳುತ್ತದೆ. ಅದನ್ನು ಹೊಸದಾಗಿ ಬಂದ ಕಣ ಎತ್ತಿಕೊಳ್ಳುತ್ತದೆ. ಒಮ್ಮೆ ಹಾಕಿದ್ದು ಹಾಗೇ ಇರುತ್ತದೆ ಎಂದು ನಾವೆಂದುಕೊಂಡಿರುವ ಹಚ್ಚೆ, ಚರ್ಮದೊಳಗೆ ಕೈಯಿಂದ ಕೈಗೆ ದಾಟುತ್ತಲೇ ಇರುತ್ತದೆ.

ಬಾಣಾವರ ದಾಟಿದ ಮೇಲೆ ಮೇಷ್ಟ್ರು ತಾವಾಗಿಯೇ ಹೆಂಡತಿಯ ಮಾತು ತೆಗೆದರು.

"ಒಂಬತ್ತು ವರ್ಷ ಅವಳಿಗೆ. ಸುಗ್ಗಿ ಮುಗಿದಿತ್ತಂತೆ. ಹಚ್ಚೆ ಹುಯ್ಯೋಳು ಬುಟ್ಟಿ ಹೊತ್ಕೊಂಡು ಬಂದ್ಳು ಅಂತ ಕೇರಿ ಹೆಂಗಸರೆಲ್ಲ ಜಗಲಿ ಮೇಲೆ ಸೇರಿದ್ರು. ಹರಳೆಣ್ಣೆ ದೀಪದ ಮಸಿ, ಯಾವುದೋ ಸೊಪ್ಪಿನ ರಸ, ಎರಡನ್ನೂ ತೆಂಗಿನ ಚಿಪ್ಪಲ್ಲಿ ಕಲಸಿ ಇಟ್ಕೊಂಡಿದ್ಲು. ಮೂರು ನಾಲ್ಕು ಸೂಜಿ ಸೇರಿಸಿ ದಾರ ಸುತ್ತಿದ್ದು. ಅವರಜ್ಜಿ ಕೈ ಅದುಮಿ ಹಿಡ್ಕೊಂಡ್ರಂತೆ. ಚುಚ್ಚುವಾಗ ಅಳು ಕೇಳಬಾರದು ಅಂತ ಹುಯ್ಯೋಳು ಹಾಡು ಹೇಳೋಳು. ಮುಗಿದ ಮೇಲೆ ಅರಿಶಿನ ಬಳಿದ್ಲು. ಕೂಲಿ ಎರಡು ಸೇರು ರಾಗಿ, ಒಂದು ಹಳೇ ಸೀರೆ."

"ಯಾವ ಚಿತ್ರ ಬೇಕು ಅಂತ ಕೇಳಿದ್ಲಂತಾ?"

"ಕೇಳೋದೆಲ್ಲಿ ಬಂತು! ಹುಯ್ಯೋಳ ಕೈಗೆ ಏನು ಬರ್ತಿತ್ತೋ ಅದು. ನಮ್ಮವಳಿಗೆ ಅರ್ಥವೂ ಗೊತ್ತಿರಲಿಲ್ಲ. ಮದುವೆ ಆದ್ಮೇಲೆ ಕೇಳಿದ್ರೆ, ನಮ್ಮಜ್ಜಿ ಹಿಡ್ಕೊಂಡಿದ್ದು ಇದು ಅನ್ನೋಳು. ಅಜ್ಜಿ ಹೋಗಿ ಎಷ್ಟೋ ವರ್ಷ ಆಗಿತ್ತು."

ಇಂದು ಅಂಗಡಿಗೆ ಬರುವವರು ಅರ್ಥವನ್ನು ಮೊದಲೇ ಗೊತ್ತು ಮಾಡಿಕೊಂಡು ಅದಕ್ಕೆ ಚಿತ್ರ ಹುಡುಕುತ್ತಾರೆ. ಅಂದು ಚಿತ್ರ ಮೊದಲು ಮೈಗೆ ಬರುತ್ತಿತ್ತು. ರಂಗೋಲಿ, ಚೇಳು, ತುಳಸಿಕಟ್ಟೆ, ತೊಟ್ಟಿಲು, ನವಿಲು ಎಂದು ಊರಿಗೆಲ್ಲ ಗೊತ್ತಿದ್ದ ನಾಲ್ಕಾರು ಚಿತ್ರ. ಅದಕ್ಕೆ ಹೆಣ್ಣುಮಗಳು ತನ್ನದೇ ಅರ್ಥ ತುಂಬಲು ಒಂದು ಆಯುಷ್ಯವೇ ಹಿಡಿಯುತ್ತಿತ್ತು. ಸತ್ತಾಗ ಓಲೆ, ಮೂಗುತಿ, ಬಳೆ ಎಲ್ಲ ಬಿಚ್ಚಿಕೊಳ್ಳುತ್ತಾರೆ, ಹಚ್ಚೆ ಒಂದೇ ಜೊತೆಗೆ ಬರುವ ಒಡವೆ ಎಂಬ ನಂಬಿಕೆ ನಮ್ಮ ಹಳ್ಳಿಗಳಲ್ಲೂ ಇದೆ, ಲಂಬಾಣಿ ತಾಂಡಾಗಳಲ್ಲೂ ಇದೆ. ಅಂದಿನ, ಇಂದಿನ ಈ ಎರಡು ರೀತಿಗಳಲ್ಲಿ ಯಾವುದು ಮೇಲು ಎಂದು ತೂಗುವ ಅಗತ್ಯವಿಲ್ಲ. ಆದರೆ ಕೇಳದೆ ಕೊಟ್ಟದ್ದಕ್ಕೆ ಅರ್ಥವಿಲ್ಲ ಎಂದು ಈಗಿನವರು ತಿಳಿದರೆ ಅದು ತಪ್ಪು.

ಹುಯ್ಯುವವಳ ಬಗ್ಗೆಯೂ ಎರಡು ಮಾತು ಹೇಳಲೇಬೇಕು. ಕೊರವ, ಕೊರಮ, ಕೊರಚ ಎಂದೆಲ್ಲ ಕರೆಸಿಕೊಂಡ ಸಮುದಾಯಗಳ ಹೆಂಗಸರು ಈ ಕಸುಬಿನವರು. ತೊಗಲುಬೊಂಬೆ ಆಡಿಸುವ ಕಿಳ್ಳೇಕ್ಯಾತರ ಹೆಂಗಸರೂ ಹಚ್ಚೆಯಲ್ಲಿ ನುರಿತವರೆಂದು ಎಡ್ಗರ್ ಥರ್ಸ್ಟನ್ 1909ರ ತನ್ನ ಏಳು ಸಂಪುಟಗಳ ಗ್ರಂಥದಲ್ಲಿ ದಾಖಲಿಸಿದ್ದಾನೆ. ಅದೇ ಕಾಲಕ್ಕೆ ಮದ್ರಾಸ್ ಪ್ರಾಂತ್ಯದ ಸರ್ಕಾರ ಕೊರವರನ್ನು ಅಪರಾಧಿ ಬುಡಕಟ್ಟು ಎಂದು ಪಟ್ಟಿ ಮಾಡಿತು. 1911ರ ಕಾಯ್ದೆಯಲ್ಲಿ ಅಂಥವರ ಬೆರಳಚ್ಚು ತೆಗೆದುಕೊಳ್ಳುವ ಅಧಿಕಾರವೂ ಇತ್ತು. ಊರ ಹೆಣ್ಣುಮಕ್ಕಳ ಮೈಮೇಲೆ ಶುಭದ ಗುರುತು ಬರೆದ ಬೆರಳುಗಳನ್ನೇ ಪೊಲೀಸರು ಮಸಿಗೆ ಅದ್ದಿ ಒತ್ತಿಸಿಕೊಂಡರು. ದೇಶದಲ್ಲಿ ಅಂಥ ಕಾಯ್ದೆ ರದ್ದಾದದ್ದು 1952ರಲ್ಲಿ. ಇಂಥ ಅವಮಾನಕ್ಕೆ ಈಡಾದವರು ನಮ್ಮ ಅಜ್ಜಿಯಂದಿರ ಮುಂಗೈಗಳಲ್ಲಿ ಬಿಟ್ಟುಹೋದ ಕೆಲಸವನ್ನು ಕಲೆ ಎಂದು ಬಾಯಿತುಂಬ ಕರೆಯಲು ನಾವು ತಡ ಮಾಡಿದ್ದೇವೆ.

ಹಳೇಬೀಡಿನಲ್ಲಿ ಬಿಸಿಲು ಏರಿತ್ತು. ಹೊಯ್ಸಳೇಶ್ವರದ ಗೋಡೆಯ ಮುಂದೆ ಹುಡುಗಿ ನೆಲದ ಮೇಲೇ ಕೂತಳು. ಕೆಳಗಿನ ಸಾಲಿನಲ್ಲಿ ಆನೆ, ಅದರ ಮೇಲೆ ಸಿಂಹ, ಅದರ ಮೇಲೆ ಬಳ್ಳಿ. ಅವಳು ಆನೆ ಸಿಂಹ ಬಿಟ್ಟು ಬಳ್ಳಿಯನ್ನೇ ಬರೆದುಕೊಳ್ಳತೊಡಗಿದಳು.

"ಎಲ್ಲರೂ ಆನೆ ಕಡೆ ಕ್ಯಾಮೆರಾ ಹಿಡಿತಾರೆ, ನೀನು ಬಳ್ಳಿ ಹಿಡಿದಿದೀಯಲ್ಲ?"

"ಕೈ ತಿರುಗುತ್ತಲ್ಲ ಸರ್. ಚೌಕಾಕಾರದ್ದು ಮುಂಗೈ ಮೇಲೆ ಹಾಕಿದ್ರೆ ಕೈ ತಿರುಗಿಸಿದಾಗ ಸೊಟ್ಟ ಕಾಣುತ್ತೆ. ಬಳ್ಳಿ ಯಾವ ಕಡೆ ತಿರುಗಿದ್ರೂ ಬಳ್ಳಿನೇ. ಇನ್ನೊಂದು, ವರ್ಷ ಕಳೆದ ಹಾಗೆ ಗೆರೆ ದಪ್ಪ ಆಗುತ್ತೆ. ಮೊದಲೇ ಜಾಗ ಬಿಟ್ಟಿರಬೇಕು. ಕನ್ನಡ ಅಕ್ಷರದಲ್ಲಂತೂ ಇದೇ ಕಷ್ಟ. ಅಮ್ಮ ಅಂತ ಬೆರಳಿನ ಮೇಲೆ ಸಣ್ಣಕ್ಕೆ ಬರೀರಿ ಅಂತಾರೆ. ಹತ್ತು ವರ್ಷಕ್ಕೆ ಒತ್ತಕ್ಷರದ ಹೊಟ್ಟೆ ತುಂಬ್ಕೊಂಡು ಮಸಿ ಚುಕ್ಕಿ ಆಗುತ್ತೆ. ಸೊನ್ನೆ ಮುಚ್ಚಿಹೋಗುತ್ತೆ. ದೊಡ್ಡದಾಗಿ ಬರೆಯೋಕೆ ಒಪ್ಪಿದ್ರೆ ಬರೀತೀನಿ, ಇಲ್ಲಾಂದ್ರೆ ಇಲ್ಲ."

"ಕಾಗುಣಿತ ತಪ್ಪು ತರೋರು ಇರ್ತಾರಾ?"

"ಅಯ್ಯೋ, ಬೇಕಾದಷ್ಟು! ಅಲ್ಪಪ್ರಾಣ ಮಹಾಪ್ರಾಣ ಯಾರೂ ನೋಡಲ್ಲ. ಇನ್ಮೇಲೆ ನಿಮಗೇ ಫೋನ್ ಮಾಡ್ತೀನಿ."

ದೇವಸ್ಥಾನದ ಪಕ್ಕದ ಗರುಡಗಂಬದ ಹತ್ತಿರ ಮೇಷ್ಟ್ರು ನಿಂತರು. ಕಂಬದ ಮೇಲೆ ಮನುಷ್ಯರ ಸಣ್ಣ ವಿಗ್ರಹಗಳು, ತಮ್ಮ ಕತ್ತಿಗೆ ತಾವೇ ತಲೆ ಕೊಡುತ್ತಿರುವವರು. ದೊರೆ ಸತ್ತರೆ ನಾವೂ ಬದುಕಿರುವುದಿಲ್ಲ ಎಂದು ಭಾಷೆ ಕೊಟ್ಟವರು ಗರುಡರು. ಎರಡನೇ ವೀರಬಲ್ಲಾಳನ ದಂಡನಾಯಕ ಕುವರ ಲಕ್ಷ್ಮ ಮತ್ತು ಅವನ ಹೆಂಡತಿ ಸುಗ್ಗಲದೇವಿ ಹಾಗೆ ಪ್ರಾಣ ಕೊಟ್ಟದ್ದನ್ನು ಈ ಕಂಬದ ಶಾಸನ ಹೇಳುತ್ತದೆ.

"ಆ ಭಾಷೆಯ ಗುರುತಿಗೆ ಎಡಗಾಲಿಗೆ ತೊಡರು ಅನ್ನೋ ಕಡಗ ಹಾಕ್ಕೊಳೋರು," ಎಂದರು ಮೇಷ್ಟ್ರು. "ಅದನ್ನ ನೋಡಿದ್ರೆ ಸಾಕು, ಇವನು ಮಾತಿಗೆ ಕಟ್ಟುಬಿದ್ದವನು ಅಂತ ಜನಕ್ಕೆ ಗೊತ್ತಾಗೋದು."

ಹುಡುಗಿ ಬಹಳ ಹೊತ್ತು ಕಂಬವನ್ನೇ ನೋಡಿದಳು. "ತೊಡರಾದ್ರೆ ಬಿಚ್ಚಬಹುದು ಸರ್. ನನ್ನ ಹತ್ರ ಬರೋ ಹುಡುಗರು ಪ್ರೀತಿಸಿದೋಳ ಹೆಸರು ಕುತ್ತಿಗೆ ಮೇಲೆ ಹಾಕಿ ಅಂತಾರೆ. ಇಪ್ಪತ್ತು ವರ್ಷ ಆಗಿರಲ್ಲ. ಬೆಳಿಗ್ಗೆ ಮೈದಾನದಲ್ಲಿ ಓಟ ಅಭ್ಯಾಸ ಮಾಡ್ತಿರ್ತಾರೆ, ಸೇನಾ ಭರ್ತಿಗೆ. ನಾನು ಬೈದು ಕಳಿಸ್ತೀನಿ. ಸೇನೆಯಲ್ಲಿ ಒಪ್ಪೋದು ಮೊಣಕೈ ಒಳಬದಿಯಿಂದ ಮಣಿಕಟ್ಟಿನವರೆಗೆ, ಮುಂಗೈ ಒಳಭಾಗದಲ್ಲಿ ಮಾತ್ರ. ಬಿಟ್ಟರೆ ಅಂಗೈ ಹಿಂಬದಿ. ಬುಡಕಟ್ಟಿನವರಿಗೆ ಅವರ ಪದ್ಧತಿ ಪ್ರಕಾರ ವಿನಾಯಿತಿ ಇದೆ. ಕುತ್ತಿಗೆ ಮೇಲೆ ಹಾಕಿಸ್ಕೊಂಡ್ರೆ ಆ ಕೆಲಸ ಅಲ್ಲಿಗೆ ಮುಗೀತು. ರಕ್ತದಾನವನ್ನೂ ಒಂದು ವರ್ಷ ಮಾಡೋ ಹಾಗಿಲ್ಲ ಅಂತ ಹೇಳ್ತೀನಿ. ಜಾತ್ರೆಯಲ್ಲಿ ಒಂದೇ ಸೂಜಿ ಹತ್ತು ಜನಕ್ಕೆ ಚುಚ್ಚೋರ ಹತ್ರ ಕೂರಬೇಡಿ ಅಂತಲೂ ಹೇಳ್ತೀನಿ. ಹೆಪಟೈಟಿಸ್ ಬಂದ್ರೆ ಹಚ್ಚೆ ಅಳಿಸಿದ್ರೂ ಹೋಗಲ್ಲ."

ಬಣ್ಣದ ಶಾಯಿಯನ್ನು ಅವಳು ಆದಷ್ಟೂ ಮುಟ್ಟುವುದಿಲ್ಲ. ಯುರೋಪಿನ ಒಕ್ಕೂಟ 2022ರ ಜನವರಿಯಿಂದ ಹಚ್ಚೆ ಶಾಯಿಯಲ್ಲಿ ಸಾವಿರಾರು ರಾಸಾಯನಿಕಗಳಿಗೆ ಮಿತಿ ಹಾಕಿದೆ. ನಮ್ಮಲ್ಲಿ ಪೆಟ್ಟಿಗೆಯ ಮೇಲೆ ಬರೆದದ್ದನ್ನು ನಂಬಬೇಕು. ತುಟಿಗೆ ಹಚ್ಚುವ ಬಣ್ಣಕ್ಕೆ ಇರುವಷ್ಟು ಕಟ್ಟುನಿಟ್ಟು ಚರ್ಮದೊಳಗೆ ಇಳಿಯುವ ಶಾಯಿಗೂ ಬೇಕು. ಇದರಲ್ಲಿ ಎರಡು ಮಾತಿಲ್ಲ.

ಬೇಲೂರಿಗೆ ಅಲ್ಲಿಂದ 16 ಕಿಲೋಮೀಟರ್. ಊಟ ಮುಗಿಸಿ ಚೆನ್ನಕೇಶವನ ಅಂಗಳಕ್ಕೆ ಬಂದಾಗ ಶಾಲಾ ಮಕ್ಕಳ ಗದ್ದಲ. ಹುಡುಗಿ ಬಾಗಿಲ ಬಳಿಯ ಸಳನ ಮುಂದೆ ಕೂತು ಹುಲಿಯ ಪಂಜವನ್ನು ಮೂರು ಕಡೆಯಿಂದ ಬರೆದಳು.

"ಹೊಯ್ ಸಳ ಅಂದ್ರಂತೆ ಗುರುಗಳು. ಹೊಯ್ ಅಂದ್ರೆ ಹೊಡಿ. ಹಚ್ಚೆಯನ್ನೂ ಹೊಯ್ಯೋದು ಅಂತಲೇ ಹೇಳ್ತೀವಿ, ನೋಡು," ಎಂದರು ಮೇಷ್ಟ್ರು.

"ಆ ಹುಡುಗನಿಗೆ ಹೇಳ್ತೀನಿ ಸರ್. ಅವನಿಗೆ ಜಿಮ್‌ನಲ್ಲಿ ಚೆನ್ನಾಗಿ ಕಾಣಬೇಕು ಅಷ್ಟೇ. ಆದ್ರೂ ಗೊತ್ತಿರಲಿ."

1117ರಲ್ಲಿ ಪ್ರತಿಷ್ಠೆಯಾದ ಗುಡಿ ಇದು. ಹೊರಗೋಡೆಯ ಮೇಲೆ 38 ಮದನಿಕೆಯರು, ಕೆಲವರ ಕಾಲ ಬಳಿ ಕೆತ್ತಿದವನ ಹೆಸರು. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ. ಗಣಿಯಿಂದ ತೆಗೆದಾಗ ಬಳಪದ ಕಲ್ಲು ಮೆದು, ಉಗುರಿನಷ್ಟು ಸಣ್ಣ ಓಲೆಯನ್ನೂ ಕೆತ್ತಲು ಬಿಡುತ್ತದೆ. ಗಾಳಿ ಬಿಸಿಲಿಗೆ ಬಿದ್ದಂತೆ ಗಟ್ಟಿಯಾಗುತ್ತದೆ. ಮೇಷ್ಟ್ರು ದಾಸೋಜನ ಹೆಸರನ್ನು ಬೆರಳು ತಾಗಿಸದೆ ಗಾಳಿಯಲ್ಲೇ ಓದಿದರು. ಆಮೇಲೆ ಕಟ್ಟೆಯ ಮೇಲೆ ಕೂತು, ಯಾರೂ ಕೇಳದಿದ್ದರೂ ಹೇಳಿದರು.

"ಸೆರಗು ಮುಚ್ಚಿದೆ ಅಂದ್ನಲ್ಲ. ನಾನೇ ಮುಚ್ಚಿಸಿದ್ದು. ಮದುವೆಯಾದ ಹೊಸದು. ಸ್ಕೂಲ್ ಡೇ. ಬೇರೆ ಮೇಷ್ಟ್ರ ಹೆಂಡತಿಯರೆಲ್ಲ ಪೇಟೆಯವರು, ಯಾರ ಕೈಯಲ್ಲೂ ಹಚ್ಚೆ ಇಲ್ಲ. ಗ್ರೂಪ್ ಫೋಟೊಗೆ ನಿಂತಾಗ ಮೆಲ್ಲಗೆ ಹೇಳ್ದೆ, ಕೈ ಮೇಲೆ ಸೆರಗು ಹಾಕ್ಕೊ ಅಂತ. ಒಂದೇ ಸಲ ಹೇಳಿದ್ದು. ನಾಲ್ವತ್ತು ವರ್ಷ ಅವಳು ಫೋಟೊಗೆ ನಿಂತಾಗೆಲ್ಲ ಆ ಕೈ ಮುಚ್ಚಿದ್ಲು. ಮೊಮ್ಮಗನ ನಾಮಕರಣದಲ್ಲೂ. ಜನಪದ ಸಾಹಿತ್ಯ ಪಾಠ ಮಾಡ್ತಿದ್ದೋನು ನಾನು, ಹಚ್ಚೆ ಹುಯ್ಯುವ ಹಾಡು ತರಗತಿಯಲ್ಲಿ ಹೇಳಿ ಚಪ್ಪಾಳೆ ಹೊಡೆಸ್ಕೋತಿದ್ದೋನು."

ಹುಡುಗಿ ಪುಸ್ತಕ ಮುಚ್ಚಿದಳು. ಏನೂ ಹೇಳಲಿಲ್ಲ.

ಹೊರಗೆ ಗೋಪುರದ ಎದುರು ಹೂ ಮಾರುವ ಅಜ್ಜಿಯ ಹತ್ತಿರ ಅವಳು ಒಂದು ಮೊಳ ಮಲ್ಲಿಗೆ ಕೊಂಡಳು. ಅಳೆಯಲು ಚಾಚಿದ ಕೈಯಲ್ಲಿ ಚುಕ್ಕಿಗಳು, ಮಾಸಿದ ಚೌಕ.

"ಅಜ್ಜಿ, ಇದು ಏನು ಚಿತ್ರ?"

"ತೊಟ್ಲು ಕಣವ್ವ."

"ಕೊಕ್ಕೆ?" ಮೇಷ್ಟ್ರು ಬಗ್ಗಿ ಕೇಳಿದರು.

"ಹಗ್ಗ ಕಟ್ಟೋಕೆ ಬ್ಯಾಡ್ವಾ? ಇಲ್ನೋಡಿ ಹಗ್ಗ." ಚೌಕದ ಮೇಲಂಚಿನಿಂದ ಮೊಣಕೈ ಕಡೆಗೆ ಒಂದು ಗೆರೆ ಹೋಗಿತ್ತು. ಅರ್ಧಕ್ಕೇ ಅಳಿಸಿದಂತಿತ್ತು. "ನಮ್ಮೂರಲ್ಲಿ ಹಿಂಗೆ. ಬ್ಯಾರೆ ಕಡೆ ಇದೇನೇ ರಂಗೋಲಿ ಅಂತ ಹಾಕ್ಸ್ಕೊಂಡೋರೂ ಅವ್ರೆ. ಅವ್ರಿಗೆ ಹಗ್ಗ ಇರಾಕಿಲ್ಲ."

ಅರಸೀಕೆರೆಗೆ ವಾಪಸ್ ಬರುವ ಬಸ್ಸಿನಲ್ಲಿ ಮೇಷ್ಟ್ರು ತಮ್ಮ ಹಾಳೆ ತೆಗೆದು ಗೆರೆಯನ್ನು ಮೇಲಕ್ಕೆ ಎಳೆದು ನೋಡಿದರು. ಅಳಿಸಿದರು. ತಮಗೆ ನೆನಪಿರುವುದು ಈ ಅಜ್ಜಿಯ ಕೈಯೋ, ಹೆಂಡತಿಯ ಕೈಯೋ, ಗೊತ್ತಾಗುತ್ತಿಲ್ಲ ಎಂದರು.

ತಿಂಗಳು ಕಳೆದು ಮೇಷ್ಟ್ರು ಬಂದರು. ಸಕ್ಕರೆ ಕಾಯಿಲೆಯ ಪರೀಕ್ಷೆಯ ಚೀಟಿ, ಡಾಕ್ಟರ್ ಒಪ್ಪಿಗೆ, ಎರಡನ್ನೂ ಅವಳು ಮೊದಲೇ ತರಿಸಿಕೊಂಡಿದ್ದಳು. ವಯಸ್ಸಾದವರ ಚರ್ಮ ತೆಳು, ಸೂಜಿ ಸ್ವಲ್ಪ ಆಳಕ್ಕಿಳಿದರೂ ಮಸಿ ಹರಡುತ್ತದೆ. ಅವರ ಎದುರೇ ಹೊಸ ಸೂಜಿಯ ಪೊಟ್ಟಣ ಒಡೆದು, ಚಿತ್ರದ ಅಚ್ಚನ್ನು ಮುಂಗೈ ಮೇಲೆ ಒತ್ತಿದಳು. ಒಂಬತ್ತು ಚುಕ್ಕಿ, ಚೌಕ, ನಾಲ್ಕು ಕೊಕ್ಕೆ.

"ಹಗ್ಗ ಸರ್?"

"ಬೇಡ. ನೆನಪಿದ್ದಷ್ಟೇ ಇರಲಿ. ಜಾಗ ಬಿಟ್ಟಿರು."

"ಮೇಲಕ್ಕಾ, ಕೆಳಕ್ಕಾ?"

"ಎರಡೂ ಕಡೆ."

ಯಂತ್ರ ಗುಂಯ್ ಎಂದಿತು. ಮೊದಲ ಚುಕ್ಕಿಗೆ ಅವರು ಹಲ್ಲು ಕಚ್ಚಿದರು. ಮೂರನೆಯದಕ್ಕೆ ಕೈ ಸ್ವಲ್ಪ ಅದುರಿತು. ಹುಡುಗಿ ಪೆಡಲ್ ಮೇಲಿನ ಕಾಲು ತೆಗೆದಳು.

"ಜಾಸ್ತಿ ನೋಯ್ತಿದ್ಯಾ ಸರ್?"

"ಇಲ್ಲ. ಒಂಬತ್ತು ವರ್ಷದೋಳು, ಸೂಜಿಗೆ ದಾರ ಸುತ್ತಿ ಚುಚ್ಚುತಿದ್ರೆ, ಹೆಂಗೆ ತಡ್ಕೊಂಡ್ಲು ಅಂತ."

"ಹಾಡು ಹೇಳ್ತಿದ್ರಲ್ಲ ಸರ್."

ಕೆಳಗೆ ಕೊಬ್ಬರಿ ಚೀಲ ಲಾರಿಗೆ ಎತ್ತುವ ಸದ್ದು. ಅವಳು ಅವರ ಮಣಿಕಟ್ಟನ್ನು ಎಡಗೈಯಲ್ಲಿ ಅದುಮಿ ಹಿಡಿದುಕೊಂಡಳು.

"ನಿಮಗೆ ಬರುತ್ತಲ್ವಾ ಆ ಹಾಡು? ಹೇಳಿ. ನಾನು ನಾಲ್ಕನೇ ಚುಕ್ಕಿ ಇಡ್ತೀನಿ."